ಕಂಬಳಿಯ ಕಾವಲು

ಬನಹಟ್ಟಿ ಸಂತೆಯಿಂದ ಪದ್ಮವ್ವ ಸೊಳ್ಳೆಪರದೆ ತಂದ ದಿನ ಅವಳ ಮಾವ ಅಮಸಿದ್ದಪ್ಪ ನಕ್ಕ ನಗು ಹಿಂಡಿನ ಕೊನೆಯ ಕುರಿಗೂ ಕೇಳಿಸಿರಬೇಕು.

"ಕುರುಬರ ಸೊಸಿ ಪರದಿ ಒಳಗ ಮಲಗ್ತಾಳಂತ! ನಾಳೆ ಕುರಿಗೂ ಒಂದೊಂದು ತರ್ತೀ ಏನ್ ಬೇ?"

"ಸೊಳ್ಳಿಗಲ್ಲ ಮಾವಾ, ಹಾವಿಗೆ. ಅಂಚು ಹಾಸಿಗಿ ಕೆಳಗ ಮಡಚಿದ್ರ ಒಳಗ ಬರೂದಿಲ್ಲಂತ. ಚಿಮ್ಮಡದಾಗ ಕಬ್ಬು ಕಡಿಯಾಂವ ಮಲಗಿದಲ್ಲೇ ಹೋದ್ನಲ್ಲ."

"ಅಂವ ಕಂಬಳಿ ಮ್ಯಾಲ ಮಲಗಿದ್ನೇನ್?"

ಕರಿಕಂಬಳಿ ಎಂದರೆ ಕುಲದೇವರು ಬೀರಪ್ಪನ ಗದ್ದುಗೆ, ಅದರ ಒರಟು ಉಣ್ಣೆಯ ಮೇಲೆ ಹಾವು ಹರಿಯುವುದಿಲ್ಲ, ಚೇಳು ಹತ್ತುವುದಿಲ್ಲ. ಆ ಮನೆಯವರು ತಾಯಿಹಾಲಿನ ಜೊತೆ ಕುಡಿದ ಮಾತಿದು. ಅಮಸಿದ್ದಪ್ಪ ಹುಟ್ಟಿದಾಗಿನಿಂದ ಹೊಲ, ಅಡವಿ ಎನ್ನದೆ ಬಯಲಲ್ಲೇ ಮಲಗಿದವನು, ಒಮ್ಮೆಯೂ ಕಚ್ಚಿಸಿಕೊಂಡವನಲ್ಲ. ಬದುಕಿ ಉಳಿದವನ ಸಾಕ್ಷಿಯ ಮುಂದೆ ಯಾರು ವಾದ ಮಾಡಿಯಾರು? ಸತ್ತವರಂತೂ ಬಂದು ಹೇಳುವುದಿಲ್ಲ.

ಎತ್ತು ಏರಿಗೆ, ಕೋಣ ನೀರಿಗೆ ಎನ್ನುವ ಈ ಜಗಳದ ನಡುವೆ ಸಿಕ್ಕಿಕೊಂಡವನು ಅವಳ ಗಂಡ ಮಹಾಲಿಂಗ. "ನೀನೂ ಕೂಸೂ ಒಳಗ ಮಲಗ್ರಿ. ನಾ ಕುರಿ ಕಾಯಾಂವ, ನನಗ ಕಂಬಳಿ ಸಾಕು" ಎಂದು ನಕ್ಕು ಎದ್ದುಬಿಟ್ಟ.

ಆಗ ಅವರ ಹಿಂಡು ಹುನ್ನೂರಿನ ಶಿದ್ರಾಮಪ್ಪನ ಹೊಲದಲ್ಲಿತ್ತು. ಕಬ್ಬು ಕಡಿದ ಹೊಲದಲ್ಲಿ ಕುರಿ ನಿಲ್ಲಿಸಿದರೆ ಅವನಿಗೆ ಗೊಬ್ಬರ, ಇವರಿಗೆ ಜೋಳ. ಮೊದಲ ಮಳೆ ಬಿದ್ದು ನೆಲ ಕುದಿಯುತ್ತಿತ್ತು. ಎಲ್ಲರ ಭಯವೂ ತೋಳದ್ದೇ. ಸುತ್ತ ಜಾಲಿಮುಳ್ಳು ಎಳೆದರು, ನಾಯಿಗಳ ಕೊರಳಿಗೆ ಮೊಳೆ ಪಟ್ಟಿ ಕಟ್ಟಿದರು, ಬೆಂಕಿ ಆರದಂತೆ ನೋಡಿಕೊಂಡರು. ತೋಳಕ್ಕೆ ಎಲ್ಲ ಬಾಗಿಲೂ ಹಾಕಿತ್ತು.

ಬೆಳಗಾದಾಗ ಮಹಾಲಿಂಗ ಹೊಟ್ಟೆ ಹಿಡಿದು ಕೂತಿದ್ದ.

"ಹೊಟ್ಟಿ ನೂಸಾಕತ್ತೈತಿ. ಗಂಟಲಾಗ ಉಗುಳು ಇಳೀವಲ್ದು."

ಪದ್ಮವ್ವ ಓಡಿ ಬಂದಳು. "ಹಾವು ಮುಟ್ಟೇತೇನ್ ನೋಡ್ರಿ ಮಾವಾ. ದವಾಖಾನಿಗೆ ಹೋಗೂನು."

ಅಮಸಿದ್ದಪ್ಪ ಮಗನನ್ನು ಕಾಲಿನಿಂದ ಕೊರಳಿನವರೆಗೆ ಸವರಿ ನೋಡಿದ. ರಕ್ತವಿಲ್ಲ, ಬಾವಿಲ್ಲ, ಹಲ್ಲಿನ ಗುರುತಿಲ್ಲ. "ಕಂಬಳಿ ಮ್ಯಾಲ ಮಲಗ್ಯಾನ, ಹಾವು ಎಲ್ಲಿಂದ ಬರ್ತೈತಿ? ರಾತ್ರಿ ತೋಳ ಕಾದಾನ, ಕಣ್ಣು ಎಳ್ಯಾಕತ್ತಾವ. ಮಲಗಲಿ ಬಿಡು."

ಕಣ್ಣು ಎಳೆಯುತ್ತಿದ್ದದ್ದು ಖರೆ. ರೆಪ್ಪೆ ಎತ್ತಲು ಅವನಿಗೆ ಆಗುತ್ತಿರಲಿಲ್ಲ. ಮುದುಕ ಮಗನನ್ನು ಬೇವಿನ ನೆರಳಿಗೆ ಕರೆದೊಯ್ದು ಮಲಗಿಸಿ, ಹಣೆಗೆ ಬೀರಪ್ಪನ ಅರಿಸಿನ ಭಂಡಾರ ಹಚ್ಚಿ, ತನ್ನ ಕಂಬಳಿಯನ್ನು ಅವನಿಗೆ ಹೊದಿಸಿದ. ಆ ಮುದುಕನನ್ನು ಬಾಯಿ ತುಂಬ ಬೈಯಬೇಕು ಅನಿಸುತ್ತದೆ ನನಗೆ. ಆದರೆ ಅವನ ಬಳಿ ಇದ್ದ ಮದ್ದು ಅದೊಂದೇ, ಅದನ್ನು ಮಗನಿಗೆ ಕೊಟ್ಟ.

ಪದ್ಮವ್ವ ಎರಡು ಸಲ ದವಾಖಾನೆಯ ಮಾತೆತ್ತಿದಳು. ಎರಡು ಸಲವೂ ಮುದುಕ "ಹುಚ್ಚಿ" ಎಂದ. ಸೂರ್ಯ ಮೇಲೇರಿದ. ಗಂಡ ಏನೋ ತೊದಲಿದ. ಮಗಳ ಹೆಸರು ಎಂದು ಅವಳಿಗೆ ಅನಿಸಿತು. ಕೈ ಸುಮ್ಮನಿರಲಾರದೆ ಅವಳು ಹೋಗಿ, ರಾತ್ರಿ ಅವನು ಮಲಗಿದ್ದ ಕಂಬಳಿಯನ್ನು ಬಿಸಿಲಿಗೆ ಹಾಕಲು ಎತ್ತಿದಳು.

ಮಡಿಕೆಯೊಳಗಿಂದ ಕಟ್ಟುಹಾವು ಜಾರಿ ಬಿತ್ತು. ಕರಿ ಮೈ, ಬಿಳಿ ಪಟ್ಟಿ. ಅವಸರವಿಲ್ಲದೆ ಕಬ್ಬಿನ ಒಣಗರಿಯ ರವದಿಯೊಳಗೆ ಹೋಯಿತು. ಅಮಸಿದ್ದಪ್ಪನೂ ನೋಡಿದ.

ಶಿದ್ರಾಮಪ್ಪ ಜೀಪು ತಂದ. ಜಮಖಂಡಿ ದವಾಖಾನೆಯ ದಾರಿಯಲ್ಲೇ, ಹೆಂಡತಿಯ ತೊಡೆಯ ಮೇಲೆ, ಮಹಾಲಿಂಗನ ಉಸಿರು ನಿಂತಿತು. "ಈ ಹಾವು ಕಚ್ಚಿದ್ರ ನೋವೂ ಇರೂದಿಲ್ಲ, ಗುರುತೂ ಕಾಣೂದಿಲ್ಲ. ಎದ್ದ ಕೂಡಲೇ ತಂದಿದ್ರ..." ಎಂದು ಡಾಕ್ಟರು ಮಾತು ನಿಲ್ಲಿಸಿದರು. ನಿಲ್ಲಿಸಿದ್ದನ್ನು ಮಾವ ಸೊಸೆ ಇಬ್ಬರೂ ಪೂರ್ತಿ ಕೇಳಿಸಿಕೊಂಡರು.

ಮಾತಾಡಿಸಲು ಬಂದವರು ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದರು. ಹೇಳುವವರಿಗೇನು, ಚಹಾ ಕುಡಿದು ಎದ್ದು ಹೋದರು. ಕುರಿಗಳಿಗೆ ಸೂತಕವಿಲ್ಲ, ಹಿಂಡು ಮತ್ತೆ ಬಯಲಿಗೆ ಬಂತು.

ಈಗ ಹೊತ್ತು ಮುಳುಗುವಾಗ ಅಮಸಿದ್ದಪ್ಪ ತಾನೇ ಕೋಲು ನೆಟ್ಟು ಪರದೆ ಕಟ್ಟುತ್ತಾನೆ. ಸೊಸೆ, ಮೊಮ್ಮಗಳು ಒಳಗೆ ಹೋದ ಮೇಲೆ ಮಂಡಿಯೂರಿ ಸುತ್ತಲೂ ಅಂಚನ್ನು ಹಾಸಿಗೆಯ ಕೆಳಗೆ ಒತ್ತುತ್ತಾನೆ. ಆಮೇಲೆ ಆಚೆ ಹೋಗಿ ಬರಿ ನೆಲದ ಮೇಲೆ ಮಲಗುತ್ತಾನೆ. ಕಂಬಳಿ ಹಾಸುವುದಿಲ್ಲ, ಹೊದೆಯುವುದೂ ಇಲ್ಲ. ಹಾವಿಗೆ ತಾನೇ ಜಾಗ ಬಿಟ್ಟಂತೆ ಕೈಕಾಲು ಚಾಚಿರುತ್ತಾನೆ.

"ಅಜ್ಜಾ, ಒಳಗ ಬಾ" ಎಂದಳು ಒಂದು ಸಂಜೆ ಪುಟ್ಟ ಶೈಲಾ.

"ಕುರಿ ಅದಾವಲ್ಲ ಬೇ."

ಪರದೆ ಮೂವರಿಗೆ ಸಾಲುವಷ್ಟು ದೊಡ್ಡದು. ಪದ್ಮವ್ವ ಸಂತೆಯಲ್ಲಿ ಬಿಡಿಸಿ, ಅಳೆದು ನೋಡಿಯೇ ತಂದಿದ್ದಳು. ಅವಳು ಮಗಳನ್ನು ತನ್ನತ್ತ ಎಳೆದುಕೊಂಡು, ಮಾವ ಒತ್ತಿದ್ದ ಅಂಚನ್ನು ಒಳಗಿನಿಂದ ಇನ್ನೊಮ್ಮೆ ಬಿಗಿಯಾಗಿ ಮಡಚಿದಳು.