ಏಳು ಮಳಿಗೆಯ ತಾಂಬೂಲ

ಚನ್ನರಾಯಪಟ್ಟಣದ ನಮ್ಮ ನಂಜಪ್ಪ ಟವರ್ಸಿನ ಟೆರೇಸಿನ ಮೇಲೆ ನಿಂತರೆ ಶ್ರವಣಬೆಳಗೊಳದ ಗೊಮ್ಮಟನ ತಲೆಯ ಗುಂಗುರುಗಳನ್ನು ಒಂದೊಂದಾಗಿ ಎಣಿಸಬಹುದು. ನಾನು ಎರಡು ಸಲ ಎಣಿಸಿದ್ದೇನೆ, ಎರಡು ಸಲವೂ ಲೆಕ್ಕ ಒಂದೇ ಬಂತು. ಮೋಡವಿಲ್ಲದ ದಿನ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಯಾರು ಯಾರಿಗೆ ಟವೆಲ್ ಹಾಕಿ ಸೀಟು ಹಿಡಿಯುತ್ತಿದ್ದಾರೆ ಎಂಬುದೂ ಕಾಣುತ್ತದೆ. ಹದಿನಾಲ್ಕು ಅಂತಸ್ತು ಸ್ವಾಮಿ. ಲಿಫ್ಟಿನ ವೇಗ ಹೇಗಿದೆಯೆಂದರೆ, ಕೆಳಗೆ ಬಾಯಿಗೆ ಹಾಕಿಕೊಂಡ ಎಲೆಯಡಿಕೆ ತುದಿ ಮುಟ್ಟುವಷ್ಟರಲ್ಲಿ ಇನ್ನೂ ಕೆಂಪಾಗಿರುವುದಿಲ್ಲ.

ಈ ಟವರಿನ ಮಳಿಗೆಗಳನ್ನು ಬಾಡಿಗೆಗೆ ಕೊಡುವ ಮ್ಯಾನೇಜರ್ ನಾನು, ಗೌರೀಶ. ಮೇಲೆಲ್ಲ ಆಫೀಸುಗಳಿಗೆಂದು ಕಟ್ಟಿದ್ದು. ಕೆಳಗೆ ರಸ್ತೆಗೆ ಮುಖ ಮಾಡಿ ಎಂಟು ಮಳಿಗೆ. ಕಟ್ಟಡ ಮುಗಿದ ದಿನ ಮಳಿಗೆ ಕೇಳಿಕೊಂಡು ಬಂದವರ ಸಾಲು ನುಗ್ಗೇಹಳ್ಳಿಯವರೆಗೂ ನಿಂತಿತ್ತು. ಸಾಲಿನ ಕೊನೆಯವರಿಗೆ ಅಲ್ಲಿಯೇ ಊಟ ಹಾಕಿಸಿದೆವು. ಆದರೆ ಬಂದ ಅಷ್ಟೂ ಜನ ನೆಲ ನೋಡಲಿಲ್ಲ, ಷಟರ್ ಎತ್ತಿ ನೋಡಲಿಲ್ಲ. ಕೇಳಿದ್ದು ಒಂದೇ ಮಾತು: "ಪಕ್ಕದಲ್ಲಿ ಯಾರು ಬಂದವ್ರೆ?"

ಮೆಡಿಕಲ್ ಸ್ಟೋರಿನವನು, ರಕ್ತ ಪರೀಕ್ಷೆಯ ಲ್ಯಾಬು ಬರಲಿ, ಮಾರನೇ ದಿನವೇ ಬರುತ್ತೇನೆ ಅಂದ. ಲ್ಯಾಬಿನವನು, ಮೆಡಿಕಲ್ ಸ್ಟೋರು ಬರಲಿ ಅಂದ. ಇಬ್ಬರನ್ನೂ ಒಂದೇ ಬೈಕಿನಲ್ಲಿ ಕೂರಿಸಿಕೊಂಡು ಬಂದು ಮಳಿಗೆಯ ಮುಂದೆ ಇಳಿಸಿದೆ. "ತಾವು ಮೊದ್ಲು," "ಇಲ್ಲ, ತಾವು ಮೊದ್ಲು" ಎಂದು ಮದುವೆ ಮನೆಯ ಬೀಗರ ಹಾಗೆ ಉಪಚಾರ ಮಾಡಿಕೊಂಡು, ಇಬ್ಬರೂ ಕಾಫಿ ಕುಡಿದು ಮನೆಗೆ ಹೋದರು. ಹೀಗೆ ಹದಿನಾಲ್ಕು ತಿಂಗಳು. ಇದೊಂದು ಲೆಕ್ಕ ಮಾತ್ರ ನಾನು ಹಿಗ್ಗಿಸಿ ಹೇಳಿದ್ದಲ್ಲ.

ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಯಜಮಾನರು ನಂಜಪ್ಪನವರು ಬಂದು ನೋಡಿದರು. ತೆಂಗಿನ ತೋಟದವರು, ಕೊಬ್ಬರಿ ವ್ಯಾಪಾರದವರು, ಮಾತು ತೂಕ ಹಾಕಿ ಆಡುವವರು. ಎಂಟು ಷಟರಿನ ಮೇಲೂ ಬೆರಳಿನಿಂದ ಒಂದೊಂದು ಗೀಟು ಎಳೆದರು. ಎಂಟು ಕಡೆಯೂ ಧೂಳಿನಲ್ಲಿ ಗೀಟು ನಿಂತಿತು.

"ನೋಡ್ಲಾ ಗೌರೀಶ. ಆಷಾಡ ಉಟ್ಟಾದ್ರೊಳ್ಗೆ ಒಂದಾರಾ ಮಳಿಗೇಲಿ ದೀಪ ಅಚ್ಚಿರ್ಬೇಕು. ಇಲ್ದಿದ್ರೆ ನಡುವಿನ ಗ್ವಾಡೆಗಳ್ನೆಲ್ಲಾ ಒಡ್ಸಿ ಕೊಬ್ರಿ ತುಂಬ್ತೀನಿ. ಪಕ್ಕದಲ್ಲಿ ಯಾರವ್ರೆ ಅಂತ ಕೊಬ್ರಿ ಕೇಳಾಕಿಲ್ಲ."

"ಅಂಗಲ್ಲ ಸಾ, ಸಿಂಗಪುರದೋರು ಫೋನ್ ಮಾಡಿದ್ರು."

"ಯಾವ ಸಿಂಗಾಪುರ್ಲಾ, ಅರಕಲಗೂಡ್ ತಾವ ಇರೋದಾ?"

ಆಷಾಢದಲ್ಲಿ ಯಾರೂ ಹೊಸ ಅಂಗಡಿ ತೆರೆಯುವುದಿಲ್ಲ. ಅದು ಹುಟ್ಟುವುದಕ್ಕೆ ಒಂಬತ್ತು ದಿನ ಉಳಿದಿತ್ತು. ಕೊಬ್ಬರಿ ಗೋಡೌನಿಗೆ ಮ್ಯಾನೇಜರ್ ಬೇಕಿಲ್ಲ, ಬೆಕ್ಕು ಸಾಕು. ಇದಕ್ಕೆ ಮುಂಚೆ ನಾನು ಬಿತ್ತನೆ ಬೀಜದ ಕಂಪನಿ, ಬೋರ್‌ವೆಲ್ ಕಂಪನಿ, ಶಾಮಿಯಾನ ಮೂರನ್ನೂ ಉದ್ಧಾರ ಮಾಡಿ ಬಂದವನು. ಮೂರೂ ಕಡೆ ನನ್ನನ್ನು ಕಳಿಸಿಕೊಡುವಾಗ ಅತ್ತರು ಎಂದು ಮನೆಯಲ್ಲಿ ಹೇಳಿದ್ದೆ. ಯಶಸ್ವಿನಿ, ನನ್ನ ಹೆಂಡತಿ, ಜಗಳ ಆಡುವವಳಲ್ಲ. ನಂಜಪ್ಪನವರ ಮಾತು ಯಾರಿಂದಲೋ ಕೇಳಿದವಳು ಸೊಪ್ಪು ಬಿಡಿಸುತ್ತಲೇ ಅಂದಳು: "ಇದೂ ಓಯ್ತು ಅಂದ್ರೆ, ಇನ್ಮೇಲೆ ನೀವು ಹಸಿವಾಯ್ತದೆ ಅಂದ್ರೂ ನಾನು ನಂಬಾಕಿಲ್ಲ."

ಆ ಮಾತಿಗೆ ನಾನು ಹೆದರಲಿಲ್ಲ. ನೇರ ಫ್ಲೆಕ್ಸ್ ಪ್ರಿಂಟ್ ಮಾಡುವ ಸಂಜಯ್ ಹತ್ತಿರ ಓಡಿದೆ, ಅಷ್ಟೇ. ಚಪ್ಪಲಿ ಬದಲಾಗಿತ್ತು ಎಂದು ಅಲ್ಲಿ ಹೋದ ಮೇಲೆ ಗೊತ್ತಾಯಿತು.

ಸಂಜಯ್ ಏಳು ಬೋರ್ಡು ಮಾಡಿಕೊಟ್ಟ. ಒಡವೆ ಅಂಗಡಿ, ರಕ್ತ ಪರೀಕ್ಷೆಯ ಲ್ಯಾಬು, ಸೀರೆ ಅಂಗಡಿ, ಕನ್ನಡಕದ್ದು, ಇನ್ನೂ ಮೂರು. ಒಂದಕ್ಕಿಂತ ಒಂದು ಬಣ್ಣ. ಎಲ್ಲದರ ಕೆಳಗೂ 'ಶೀಘ್ರದಲ್ಲೇ ಆರಂಭ'. ಏಳು ಷಟರಿಗೆ ಏಳು ಕಟ್ಟಿಸಿದೆ. ಮೆಟ್ಟಿಲ ಪಕ್ಕದ ಎಂಟನೆಯದನ್ನು ಮಾತ್ರ ಖಾಲಿ ಬಿಟ್ಟೆ. ಒಂದೇ ಉಳಿದಿದೆ ಎಂದರೆ ಜನ ಕಣ್ಣು ಮುಚ್ಚಿಕೊಂಡು ಬರುತ್ತಾರೆ.

ಬಂದರು. ಲಕ್ಷಾಂತರ ಜನ ಬಂದರು. ಅವರಲ್ಲಿ ನಿಂತು ಮಾತಾಡಿದವರು ಹಿರೀಸಾವೆಯ ಮಲ್ಲಿಗಮ್ಮ ಒಬ್ಬರೇ.

ಹಿರೀಸಾವೆಯಲ್ಲಿ ರಸ್ತೆ ಪಕ್ಕ ಇಪ್ಪತ್ತೆರಡು ವರ್ಷ ಹೋಟೆಲು ನಡೆಸಿದ ಹೆಂಗಸು. ಐವತ್ತೈದು ದಾಟಿದೆ, ಗಂಡ ಇಲ್ಲ. ದಿನಕ್ಕೆ ಆರು ಬಸ್ಸು ಅವರ ಹೋಟೆಲಿನ ಮುಂದೆ ಊಟಕ್ಕೆ ನಿಲ್ಲುತ್ತಿದ್ದವು. ಮುಂದಿನ ಊರಿನಲ್ಲಿ ಯಾರೋ ದೊಡ್ಡ ಹೋಟೆಲು ತೆರೆದರು. ಡ್ರೈವರುಗಳು ಒಬ್ಬೊಬ್ಬರಾಗಿ ಅಲ್ಲಿ ನಿಲ್ಲಿಸತೊಡಗಿದರು. ಆರನೆಯ ಬಸ್ಸೂ ಹೋದ ಮೇಲೆ ಮಲ್ಲಿಗಮ್ಮ ಜಾಗ ಹುಡುಕಿಕೊಂಡು ಪಟ್ಟಣಕ್ಕೆ ಬಂದಿದ್ದರು.

ಅವರೂ ಮಳಿಗೆ ನೋಡಲಿಲ್ಲ. ಏಳು ಬೋರ್ಡಿನ ಮುಂದೆಯೂ ನಿಂತು, ದೇವಸ್ಥಾನದಲ್ಲಿ ಸುತ್ತು ಬರುವವರ ಹಾಗೆ ಒಂದೊಂದನ್ನೂ ಓದಿದರು. ಲ್ಯಾಬಿನ ಮುಂದೆ ಹೆಚ್ಚು ಹೊತ್ತು ನಿಂತರು.

"ಲ್ಯಾಬಿಗೆ ಬರೋರು ಖಾಲಿ ಒಟ್ಟೇಲಿ ಬತ್ತಾರೆ," ಅಂದರು. "ರಕ್ತ ಕೊಟ್ಟು ಈಚೆಗೆ ಬಂದೋರಿಗೆ ಇಡ್ಲಿ ಬೇಕೇ ಬೇಕು ಕಣಪ್ಪ. ಬಸ್ ಡ್ರೈವರ್ ಅಂಗೆ ಅವ್ರು ಮುಂದಿನ್ ಊರಿಗೆ ಓಗಕಾಗಕಿಲ್ಲ."

"ದಿನಕ್ಕೆ ಮುನ್ನೂರು ಜನದ ರಕ್ತ ತಕ್ಕೊತಾರೆ ಅಕ್ಕ. ಅದ್ನ ಸಾಗಸಕ್ಕೆ ಟ್ಯಾಂಕರೇ ಬತ್ತದೆ."

ಅವರು ನಗಲಿಲ್ಲ. ಮನಸ್ಸಿನಲ್ಲಿ ಇಡ್ಲಿ ಎಣಿಸುತ್ತಿದ್ದರು ಎಂದು ಕಾಣುತ್ತದೆ.

"ಗುರುವಾರ ಪಾತ್ರೆ ಪಡಗ ತಂದ್ಬುಡ್ತೀನಿ. ಅವತ್ತೇ ಕಾಗದಕ್ಕೆ ರುಜು ಆಕಿ, ಒಲೆ ಅಚ್ಚಿ ಆಲು ಉಕ್ಕಿಸೋದು. ಆದ್ರೆ ಒಂದ್ ಮಾತು. ಅಕ್ಕಪಕ್ಕದ ಏಳು ಜನಕ್ಕೂ ತಾಂಬೂಲ ಕೊಟ್ಟ್ ಮ್ಯಾಲೇ ನನ್ನ ರುಜು, ನನ್ನ ಒಲೆ. ನಮ್ಮತ್ತೆ ಕಾಲ್ದಿಂದ್ಲೂ ಅಂಗೇಯ. ಏಳು ಜನ ಬರ್ಲಿ."

"ಏಳೇನಕ್ಕ, ಎಪ್ಪತ್ತು ಜನ ಬತ್ತಾರೆ."

ನನ್ನ ಬಾಯಿಯೇ ಹಾಗೆ. ನನಗಿಂತ ಒಂದು ಫರ್ಲಾಂಗ್ ಮುಂದೆ ಓಡುತ್ತದೆ, ನಾನು ಹಿಂದಿನಿಂದ ಏದುಸಿರು ಬಿಡುತ್ತಾ ಹೋಗಿ ಸೇರಿಕೊಳ್ಳಬೇಕು.

ನಾಲ್ಕು ದಿನ ಊರಿಡೀ ಓಡಾಡಿದೆ. ನಿಜವಾದ ಲ್ಯಾಬಿನವನ ಕಾಲು ಹಿಡಿದೆ. "ಬೋರ್ಡು ಆಗ್ಲೇ ಕಟ್ಟೈತಲ್ಲ, ಇನ್ನ ನನಗೆಲ್ಲಿ ಜಾಗ?" ಅಂದ. ನನ್ನ ಸುಳ್ಳನ್ನು ಅಷ್ಟು ಗಟ್ಟಿಯಾಗಿ ನಂಬಿದವನು ಅವನೊಬ್ಬನೇ. ಬೋರ್ಡು ಸುಳ್ಳು ಎಂದು ಹೇಳಿದೆ. ಅದನ್ನು ನಂಬಲಿಲ್ಲ.

ಕೊನೆಗೆ ಮೂವರನ್ನು ಹೊಂದಿಸಿದೆ. ಒಡವೆ ಅಂಗಡಿಗೆ ಸಂಜಯ್. ಲ್ಯಾಬಿಗೆ ನನ್ನ ಸೋದರಮಾವ ಗುಂಡಯ್ಯ. ಅವರದು ಮೂವತ್ತು ವರ್ಷ ಕೊಬ್ಬರಿ ತೂಕ ಮಾಡಿದ ಕೈ, ತಕ್ಕಡಿಯ ಮುಂದೆ ನಿಂತು ಹೇಳದ ಸುಳ್ಳಿಲ್ಲ. ಸೀರೆ ಅಂಗಡಿಗೆ, ಟವರಿನ ಮುಂದೆ ಹೂವು ಮಾರುವ ಚಿಕ್ಕಲಕ್ಷ್ಮಮ್ಮ. ಅವಳಿಗೆ ಯಶಸ್ವಿನಿಯ ರೇಷ್ಮೆ ಸೀರೆ ಉಡಿಸುವುದೆಂದು ಮಾತಾಗಿತ್ತು. ಮಿಕ್ಕ ನಾಲ್ವರು ಸಾಮಾನು ತರಲು ಬೆಂಗಳೂರಿಗೆ ಹೋಗಿದ್ದಾರೆ ಎಂದರಾಯಿತು.

ಗುರುವಾರ ಏಳು ಗಂಟೆಗೆ ಲಗೇಜ್ ಆಟೋ ಬಂದು ನಿಂತಿತು. ಓಡಿಸಿಕೊಂಡು ಬಂದವನು ಮಲ್ಲಿಗಮ್ಮನ ತಮ್ಮ ರಾಮಣ್ಣ. ಗ್ರೈಂಡರು, ಇಡ್ಲಿ ಪಾತ್ರೆ, ಎರಡು ಬೆಂಚು, ಹಗ್ಗ ಕಟ್ಟಿದ ಒಲೆ, ಎಲ್ಲದರ ಮೇಲೆ ಹಾಸಿಗೆ ಸುರುಳಿ. ಹಾಸಿಗೆಯ ಮೇಲೆ ಕೈ ಇಟ್ಟು ಕೇಳಿದೆ:

"ಅಲ್ಲೀದು ಪೂರ್ತಿ ಬುಟ್ ಬಂದ್ರಾ ಅಕ್ಕ?"

"ನಿನ್ನೆ ಸಂಜೇಗೆ ಬೀಗದ ಕೈ ಕೊಟ್ಬುಟ್ಟೆ. ನೀನು ಜಾಗ ಐತೆ ಅಂದ್ಯಲ್ಲ."

ತಟ್ಟೆಯಲ್ಲಿ ಏಳು ತಾಂಬೂಲ. ಎಲೆ, ಅಡಿಕೆ, ತೆಂಗಿನಕಾಯಿ, ಒಂದೊಂದರ ಮೇಲೆ ಒಂದೊಂದು ತುಂಡು ಮಲ್ಲಿಗೆ. ಹೂವು ಎಲ್ಲಿಯದು ಎಂದು ಕೇಳಬೇಕಾಗಿರಲಿಲ್ಲ. ಚಿಕ್ಕಲಕ್ಷ್ಮಮ್ಮ ಆಗತಾನೆ ಅಳೆದು ಕೊಟ್ಟು, ನನ್ನ ಕಡೆ ನೋಡಿ ಕೈ ಆಡಿಸಿದಳು. ಹೂವಿನವಳೆಂದು ಮಲ್ಲಿಗಮ್ಮನಿಗೆ ಗೊತ್ತಾದ ಮೇಲೆ ಸೀರೆ ಅಂಗಡಿಯೂ ಬೆಂಗಳೂರಿಗೆ ಹೋಯಿತು.

ಸಂಜಯ್ ಮೊದಲು ಬಂದ. ಕುತ್ತಿಗೆಯಲ್ಲಿ ಎಲ್ಲಿಂದಲೋ ತಂದ ಸರ. ಮಲ್ಲಿಗಮ್ಮ ತಾಂಬೂಲ ಕೊಟ್ಟು, "ನಿಮ್ಮಂಗಡೀಲಿ ಮದ್ಯಾನ ಉಣ್ಣೋರು ಎಷ್ಟ್ ಜನಪ್ಪ?" ಎಂದು ಕೇಳಿದರು.

"ಹನ್ನೆರಡು ಜನ ಅಮ್ಮ."

"ರಾಮಣ್ಣ, ಎಲ್ಡ್ ಸೇರಕ್ಕಿ. ದೊಡ್ ತಪ್ಪಲೆ ಬಿಚ್ಚು."

ರಾಮಣ್ಣ ಹಗ್ಗ ಬಿಚ್ಚತೊಡಗಿದ. ಗುಂಡಯ್ಯ ಮಾವ ಬಿಳಿ ಕೋಟು ಹಾಕಿಕೊಂಡು ಬಂದರು. ಆ ಕೋಟು ತೋಳಿಗೆ ಬಂದರೆ ಹೊಟ್ಟೆಗೆ ಬರುತ್ತಿರಲಿಲ್ಲ. ಇಪ್ಪತ್ತು ಜನ ಎಂದು ಹೇಳಬೇಕೆಂದು ಬಾಯಿಪಾಠ ಮಾಡಿಸಿದ್ದೆ. ಮಲ್ಲಿಗಮ್ಮ ತಾಂಬೂಲ ಎತ್ತಿ ಹಿಡಿದು ಅದೇ ಪ್ರಶ್ನೆ ಕೇಳಿದರು. ಮಾವ ಕೈ ಚಾಚಿದರು. ಎಲೆ ನೋಡಿದರು. ಆಟೋದ ಮೇಲಿನ ಹಾಸಿಗೆ ನೋಡಿದರು. ಚಾಚಿದ ಕೈ ಹಿಂದಕ್ಕೆ ಬಂತು.

"ಆಗಕಿಲ್ಲ ಕಣ್ಲಾ ಗೌರೀಶ," ಅಂದರು. "ತಕ್ಕಡೀಲಿ ಸುಳ್ಳಾಡೋದೇ ಬ್ಯಾರೆ. ಎಲೆ ಇಡ್ಕಂಡು ಅನ್ನದ ಲೆಕ್ಕ ಸುಳ್ ಯೋಳಕಾಗಕಿಲ್ಲ."

ಕೋಟು ಬಿಚ್ಚಿ ಮಡಿಸಿ ನನ್ನ ಹೆಗಲ ಮೇಲೆ ಹಾಕಿ ಹೊರಟೇ ಹೋದರು.

"ಮಾವಂಗೆ ಸಕ್ಕರೆ ಕಾಯಿಲೆ ಅಕ್ಕ," ಅಂದೆ. "ಸಕ್ಕರೆ ಏರಿದ್ರೆ ಇಂಗೇ ಮಾತಾಡ್ತಾರೆ. ದೊಡ್ಡ ಡಾಕ್ಟ್ರು, ಲಂಡನ್ನಲ್ಲಿ ಓದಿದ್ದು..."

ಸಂಜಯ್ ಸದ್ದಿಲ್ಲದೆ ತನ್ನ ತಾಂಬೂಲವನ್ನು ತಟ್ಟೆಗೆ ವಾಪಸ್ ಇಟ್ಟು ಬೈಕ್ ಹತ್ತಿದ. ಮಲ್ಲಿಗಮ್ಮ ಪಕ್ಕದ ಷಟರಿನ ಹತ್ತಿರ ಹೋಗಿ ಬೋರ್ಡಿನ ತುದಿ ಹಿಡಿದು ಎತ್ತಿದರು. ಕೆಳಗೆ ನಂಜಪ್ಪನವರು ಎಳೆದ ಗೀಟು ಹಾಗೇ ಇತ್ತು. ಇನ್ನೊಂದನ್ನು ಎತ್ತಿದರು. ಮೂರನೆಯದನ್ನು ಎತ್ತಲಿಲ್ಲ.

"ಅಷ್ಟೂವೆ?"

ಹೌದೆಂದು ತಲೆಯಾಡಿಸಿದೆ.

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ನಾನು ಏನಾದರೂ ಹೇಳುತ್ತಿದ್ದೆ. ಅವರು ತಟ್ಟೆಯಿಂದ ಒಂದೊಂದೇ ತೆಗೆದು ಏಳು ತಾಂಬೂಲವನ್ನೂ ನನ್ನ ಎರಡು ಕೈ ತುಂಬ ಪೇರಿಸಿದರು. ತೆಂಗಿನಕಾಯಿಗಳು ಗದ್ದಕ್ಕೆ ತಾಗಿದವು.

"ಏಳು ಜನವೂ ನೀನೇ ತಾನೇ. ಇಡ್ಕೊ. ಈಗ ಯೋಳು. ಇಲ್ಲಿ ಮದ್ಯಾನ ಉಣ್ಣೋರು ಎಷ್ಟ್ ಜನ?"

"ಅಕ್ಕಾ," ರಾಮಣ್ಣ ಅರ್ಧ ಬಿಚ್ಚಿದ ಹಗ್ಗ ಹಿಡಿದುಕೊಂಡೇ ಕೂಗಿದ, "ಇಳುಸ್ಲೋ ಬ್ಯಾಡ್ವೋ?"

ಬಾಯಿಗೆ ನಲವತ್ತು ಬಂತು. ಅಭ್ಯಾಸ. ನುಂಗಿದೆ. ಇಪ್ಪತ್ತು ಬಂತು, ಅದನ್ನೂ ನುಂಗಿದೆ. ಕೈಯಲ್ಲಿ ಎಲೆಗಳು ತಣ್ಣಗಿದ್ದವು.

ನಮ್ಮ ಟವರಿಗೆ ಐದೇ ಅಂತಸ್ತು. ಲಿಫ್ಟಿಗೆಂದು ಬಿಟ್ಟ ಗುಂಡಿಗೆ ಹಲಗೆ ಮುಚ್ಚಿದೆ. ಟೆರೇಸಿನಿಂದ ಕಾಣುವುದು ತೆಂಗಿನ ತಲೆಗಳು ಮತ್ತು ನೀರಿನ ಟ್ಯಾಂಕು. ಗೊಮ್ಮಟನ ಗುಂಗುರುಗಳನ್ನು ನಾನು ಎಣಿಸಿಲ್ಲ. ಆ ಹದಿನಾಲ್ಕು ತಿಂಗಳಲ್ಲಿ ಟೆರೇಸಿಗೆ ಹೋಗಿದ್ದು, ಯಾರಿಗೂ ಕಾಣದ ಹಾಗೆ ಕೂರುವುದಕ್ಕೆ. ಮೇಲೆ ಬಾಡಿಗೆಗೆ ಹೋಗಿರುವುದು ಒಂದೇ ಕೋಣೆ, ಇನ್ಶೂರೆನ್ಸ್ ಆಫೀಸು. ಅಲ್ಲಿ ಮೂವರಲ್ಲಿ ಒಬ್ಬರು ಮನೆಯಿಂದ ಡಬ್ಬಿ ತರುತ್ತಾರೆ. ಆಮೇಲೆ ವಾಚ್‌ಮನ್.

"ನಾಕ್ ಜನ ಅಕ್ಕ," ಅಂದೆ. "ನನ್ನೂ ಸೇರುಸ್ಕಂಡು."