ಹಾಜರಿಗೆ ಮೊದಲು ಗ್ರಬ್

ಎದುರಿಗೆ ಸಿಕ್ಕವರನ್ನು ‘ಊಟ ಆತೇನ್ರಿ’ ಎಂದು ಕೇಳದೆ ಮುಂದೆ ಹೋಗುವ ಮನುಷ್ಯ ಕಲಬುರಗಿಯಲ್ಲಿ ನನಗೆ ಗೊತ್ತಿದ್ದಂತೆ ಒಬ್ಬರೇ. ನಮ್ಮ ಓಣಿಯ ಸುಜಯೀಂದ್ರ ಸರ್. ಕಡುಬೇಸಿಗೆಯಲ್ಲೂ ಮೈಬಿಡದ ಬೂದು ಕೋಟು, ಅದರ ಎಡ ಜೇಬಿನಲ್ಲಿ ಸೀಮೆಸುಣ್ಣ, ಬಲ ಜೇಬಿನಲ್ಲಿ ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಚಿಕ್ಕ ಡಬ್ಬಿ, ಬಸ್ಸು ಹೊರಟೇಬಿಟ್ಟಿತೇನೋ ಎನ್ನುವಂತೆ ತಲೆ ಮುಂದೆ ಚಾಚಿ ಇಡುವ ಪುಟ್ಟ ಪುಟ್ಟ ಹೆಜ್ಜೆ. ಹೀಗೆ ಅವರು ದಿನವೂ ಕಮಲಾಪುರದ ಬಸ್ಸು ಹಿಡಿದು, ಅಲ್ಲಿಯ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ಬರುತ್ತಾರೆ. ‘ಅಂದ್ರ ಏನಪಾ ಅಂದ್ರ’ ಎನ್ನದೆ ಅವರ ಬಾಯಿಂದ ಒಂದು ಮಾತೂ ಹೊರಡದು.

ಮೊದಲು ಅವರೂ ಎಲ್ಲರಂತೆ ಕೇಳುತ್ತಿದ್ದವರೇ. ಮಹಾಗಾಂವದಿಂದ ಬರುವ ಶೀಲಾ ಎಂಬ ಹುಡುಗಿಯನ್ನು ಒಂದು ಬೆಳಿಗ್ಗೆ ಕಾಲೇಜಿನ ಗೇಟಿನಲ್ಲಿ ಕೇಳಿದರು. ‘ಆತ್ರಿ ಸರ್’ ಎಂದಳು. ಸ್ವಲ್ಪ ಹೊತ್ತಿಗೆ ಅದೇ ಹುಡುಗಿ ಬೆಂಚಿನಿಂದ ಜಾರಿ ನೆಲಕ್ಕೆ ಬಿದ್ದಳು. ತಾಯಿ ನಸುಕಿನಲ್ಲೇ ತೊಗರಿ ಕೊಯ್ಯಲು ಹೋಗುತ್ತಾಳೆ, ಹಿಂದಿನ ಸಂಜೆಯಿಂದ ಮಗಳ ಹೊಟ್ಟೆಗೆ ಏನೂ ಬಿದ್ದಿಲ್ಲ ಎಂಬುದು ನೀರು ಚಿಮುಕಿಸಿ ಎಬ್ಬಿಸಿದ ಮೇಲೆ ತಿಳಿಯಿತು.

‘ಮತ್ತ ಆತು ಅಂದೆಲ್ಲವಾ?’

‘ಯಾರರ ಕೇಳಿದ್ರ ಹಂಗ ಅನ್ನಬೇಕಲ್ರಿ ಸರ್.’

ಆ ಮಾತು ಅವರನ್ನು ಬೆನ್ನು ಹತ್ತಿತು. ನಮ್ಮ ಸೀಮೆಯಲ್ಲಿ ಊಟದ ಪ್ರಶ್ನೆಗೆ ಉತ್ತರ ಕೊಡುವುದು ಮರ್ಯಾದೆ. ಹೊಟ್ಟೆಯನ್ನು ಯಾರೂ ಕೇಳುವುದಿಲ್ಲ. ಮರುದಿನ ಅವರು ಹಲಗೆಯ ಮೇಲೆ ‘ಗ್ರಬ್’ ಎಂದು ಬರೆದರು. ‘ಅಂದ್ರ ಏನಪಾ ಅಂದ್ರ, ಹೊಟ್ಟಿಗಿ ಹಾಕೋದು. ಬಡಿವಾರ ಇಲ್ಲದ ಮಾತು, ಗೆಳ್ಯಾರ ನಡುವ ಅನ್ನೋದು. ಪರೀಕ್ಷಾದಾಗ ಬರದ್ರ ನಾ ಮಾರ್ಕ್ಸ್ ಕೊಡಂಗಿಲ್ಲ. ಮಣ್ಣಾಗಿನ ಹುಳಕ್ಕೂ ಹಿಂಗ ಅಂತಾರ.’ ಮಕ್ಕಳು ನಕ್ಕರು. ಆ ನಗು ಇಳಿಯುವ ಮೊದಲೇ ಒಬ್ಬೊಬ್ಬರನ್ನೂ ಕೇಳುತ್ತ ಹೋದರು: ‘ಗ್ರಬ್ ಆತೇನು?’ ಹೊಸ ಶಬ್ದಕ್ಕೆ ಏನು ಹೇಳಬೇಕೆಂದು ಯಾವ ತಾಯಿಯೂ ಕಲಿಸಿ ಕಳಿಸಿರಲಿಲ್ಲ. ಅರ್ಧ ಕ್ಲಾಸು ‘ಇಲ್ರಿ’ ಎಂದಿತು.

ಅಂದಿನಿಂದ ಹಾಜರಿಗೆ ಮೊದಲು ಗ್ರಬ್. ತಂದವರು ಬುತ್ತಿಯ ಗಂಟು ನಡುವೆ ಬಿಚ್ಚಬೇಕು, ಎಲ್ಲರೂ ಉಣ್ಣಬೇಕು. ಮೊದಲ ದಿನ ಯಾರೂ ಬಿಚ್ಚಲಿಲ್ಲ. ಯಾರ ಮನೆಯ ರೊಟ್ಟಿಯನ್ನು ಯಾರು ಮುಟ್ಟುತ್ತಾರೆ ಎಂದು ಕಣ್ಣುಗಳೇ ಒಂದನ್ನೊಂದು ಕೇಳುತ್ತಿದ್ದವು. ಹಿಂದಿನ ಬೆಂಚಿನ ಪೀರಪ್ಪನೆಂಬ ಹುಡುಗ ತನ್ನ ಗಂಟನ್ನು ಕಾಲ ಸಂದಿಯಲ್ಲಿ ಬಚ್ಚಿಟ್ಟಿದ್ದ. ಸರ್ ಅದನ್ನೇ ಕೇಳಿ ಇಸಿದುಕೊಂಡು, ರೊಟ್ಟಿ ಮುರಿದು, ತಮ್ಮ ಡಬ್ಬಿಯ ಹಿಂಡಿ ಹಚ್ಚಿಕೊಂಡು ಎಲ್ಲರಿಗಿಂತ ಮೊದಲು ತಿಂದರು. ಮಡಿಯ ಮನೆಯ ಮಗ, ಅಲ್ಲಿಯತನಕ ಕಮಲಾಪುರದಲ್ಲಿ ಒಂದು ಗುಟುಕು ಚಹಾ ಕೂಡ ಕುಡಿದವರಲ್ಲ.

‘ಸರ್, ಇದು ಕ್ಲಾಸೋ ಖಾನಾವಳಿಯೋ?’ ಎಂದು ಗಣಿತದ ಗುರುಪ್ರಸಾದ ಕಿಚಾಯಿಸಿದರು.

‘ಖಾನಾವಳಿ ಅಂತನ ಅನ್ರಿ. ಗಿರಾಕಿ ಒಬ್ಬರೂ ತಪ್ಪಸಂಗಿಲ್ಲ.’

ಆ ಸಂಜೆ ಸುಜಯೀಂದ್ರ ಸರ್ ಅವರ ಪಡಸಾಲೆಯಲ್ಲಿ ನಾನು ಅವರ ತಾಯಿ ಸರಸ್ವತೀಬಾಯಿಯವರ ಜೊತೆ ಹೂಬತ್ತಿ ಹೊಸೆಯುತ್ತಿದ್ದೆ. ಸರ್ ಬಂದು, ಚಪ್ಪಲಿ ಬಿಟ್ಟು, ನಿಂತಲ್ಲೇ ಹೇಳಿದರು.

‘ಆಯಿ, ಇವತ್ತ ಹೊರಗ ಉಂಡೀನಿ.’

‘ಯಾರ ಮನೀದು?’

‘ಕೇಳಲಿಲ್ಲ.’

‘ನಾಳೆ?’

‘ನಾಳೆನೂ ಉಣ್ತೀನಿ.’

ಮುದುಕಿಯ ಕೈಯಲ್ಲಿಯ ಬತ್ತಿ ನಿಂತಿತು. ‘ಹಂಗಾದ್ರ ಸಾಲಿಗ್ರಾಮ ಮುಟ್ಟಬ್ಯಾಡ.’

ಅವರು ದೇವರ ಕೋಣೆಯ ಕಡೆ ಒಮ್ಮೆ ನೋಡಿ, ‘ಆತು’ ಎಂದರು.

ತಂದೆ ತೀರಿದಂದಿನಿಂದ ಆ ಪೂಜೆ ಅವರದಾಗಿತ್ತು. ಬೆಳಗಿನ ಜಾವ ಅವರ ಮಂತ್ರದ ದನಿ ಗೋಡೆ ದಾಟಿ ಪಕ್ಕದ ನಮ್ಮ ಮನೆಗೆ ಬರುತ್ತಿತ್ತು. ಅದನ್ನು ಕೇಳಿಯೇ ನಾನು ನನ್ನ ಲಿಂಗಪೂಜೆಗೆ ಕೂಡುತ್ತಿದ್ದೆ. ಒಂದು ದಿನದ ಪೂಜೆ ತಪ್ಪಿದರೆ ಜೀವ ಹೇಗೆ ಚಡಪಡಿಸುತ್ತದೆಂದು ಬಲ್ಲವಳಿಗೆ, ಅವರು ‘ಆತು’ ಎಂದದ್ದರ ಭಾರ ಬಿಡಿಸಿ ಹೇಳಬೇಕಾಗಲಿಲ್ಲ. ಈಗ ಸರ್ ಅವರ ತಮ್ಮನಾದ ಬಂಡು ಸ್ಕೂಟರಿನಲ್ಲಿ ಬಂದು ಅವಸರದಲ್ಲಿ ಪೂಜೆ ಮುಗಿಸಿ ಹೋಗುತ್ತಾನೆ. ಅಣ್ಣ ದೇವರ ಕೋಣೆಯ ಹೊರಗೆ ಕೈಮುಗಿದು ನಿಲ್ಲುತ್ತಾರೆ.

ತಾಯಿ ಮಡಿ ಸಡಿಲಿಸಲಿಲ್ಲ, ಮಗ ಗ್ರಬ್ ಬಿಡಲಿಲ್ಲ. ತಿಂಗಳುಗಳೇ ಕಳೆದವು. ಒಂದು ಮುಂಜಾನೆ ಸರಸ್ವತೀಬಾಯಿ ತಾವಾಗಿಯೇ ಕೇಳಿದರು: ‘ಆ ಬಿದ್ದ ಹುಡುಗಿ ಈಗ ಉಣ್ತಾಳೇನೋ?’

‘ನನ್ನೇನ್ ಕೇಳ್ತಿ ಆಯಿ, ಎರಡು ರೊಟ್ಟಿ ಜಾಸ್ತಿ ಕಟ್ಟು.’

ಮುದುಕಿ ಕಟ್ಟಿದರು, ಇಂದಿಗೂ ಕಟ್ಟುತ್ತಾರೆ. ಮರಳಿ ಬಂದ ಬುತ್ತಿಡಬ್ಬಿ ಮಾತ್ರ ಅಡಿಗೆಮನೆಯ ಒಳಗೆ ಬರುವುದಿಲ್ಲ, ಹಿತ್ತಲ ಗೋಡೆಯ ಮೇಲೆ ಬೋರಲು ಬಿದ್ದಿರುತ್ತದೆ.

‘ಪೂಜಿ ಬಿಟ್ಟದ್ದಕ್ಕ ಸಂಕಟ ಆಗಂಗಿಲ್ಲೇನ್ರಿ?’ ಎಂದು ಒಮ್ಮೆ ಸರ್ ಅವರನ್ನು ನಾನೇ ಕೇಳಿದೆ.

‘ಆಗ್ತದರಿ’ ಎಂದರು. ಮತ್ತೆ, ‘ಹೊಸ್ತಿಲಿಂದನೂ ಕಾಣಸ್ತಾನ.’

ಇಂಥವರನ್ನು ಓಣಿ ಹಟಮಾರಿಗಳೆಂದು ಕರೆದು ಸುಮ್ಮನಾಗುತ್ತದೆ. ಅವರು ತಾಯಿಯ ನಂಬಿಕೆಯನ್ನು ಗೇಲಿ ಮಾಡುವುದಿಲ್ಲ, ದೇವರ ಮೇಲೆ ಮುನಿಯುವುದಿಲ್ಲ, ತಮ್ಮ ನಷ್ಟವನ್ನು ಯಾರ ಮುಂದೆಯೂ ತೋಡಿಕೊಳ್ಳುವುದಿಲ್ಲ. ಸರಿ ಕಂಡದ್ದಕ್ಕೆ ತೆರಬೇಕಾದದ್ದನ್ನು ತಮ್ಮ ಪಾಲಿನ ಅತ್ಯಂತ ಪ್ರಿಯವಾದ ವಸ್ತುವಿನಿಂದಲೇ ತೆತ್ತು, ಮರುದಿನ ಬೆಳಗಾದರೆ ಮತ್ತೆ ಅದೇ ಕೆಲಸಕ್ಕೆ ಹೊರಡುತ್ತಾರೆ. ಅದನ್ನು ಭಕ್ತಿ ಎನ್ನಬಾರದೆಂದು ಹೇಳುವ ಧೈರ್ಯ ನನಗಿಲ್ಲ.