ಲೈಸೋಸೋಮಿನ ಬಳಿ ನಿಲ್ಲುವ ಕೈ

ಕರಿಹಲಗೆಯ ಮೇಲೆ ಜೀವಕೋಶವನ್ನು ಸರಸರನೆ ಬರೆಯುತ್ತಿದ್ದ ದ್ವಾರಕಾನಾಥರ ಕೈ ಲೈಸೋಸೋಮಿನ ಹತ್ತಿರ ಬಂದಾಗ ಮಾತ್ರ ತಡೆದು ನಿಲ್ಲುತ್ತಿತ್ತು. ಹೊಸೂರಿನ ನಮ್ಮ ಶಾಲೆಯಲ್ಲಿ ಅವರು ಜೀವಶಾಸ್ತ್ರಕ್ಕೆ, ನಾನು ಕನ್ನಡಕ್ಕೆ. ಪಕ್ಕದ ತರಗತಿಯಿಂದ ಆ ಮೌನ ನನಗೆ ಕೇಳಿಸುತ್ತಿತ್ತು. ಬೇಸಿಗೆಯಲ್ಲೂ ಬಿಚ್ಚದ ಕಂದು ಕೋಟು, ಜೇಬಿನ ತುಂಬ ಸೀಮೆಸುಣ್ಣದ ತುಂಡು, ಮಾತಿಗೊಮ್ಮೆ "ಸರಿಯಾಗಿ ನೋಡ್ರಪ್ಪಾ." ಕೋಶವು ತನ್ನ ಕಸ ಕರಗಿಸಲು ಪುಟ್ಟ ಚೀಲಗಳನ್ನು ತಾನೇ ಕಟ್ಟಿಕೊಂಡು, ಕಿಣ್ವಗಳಿಗೆ ಗುರುತು ಹಚ್ಚಿ ಅವುಗಳೊಳಗೆ ಕಳಿಸುತ್ತದೆಂದೂ, ಒಂದೇ ಒಂದು ಕಿಣ್ವ ತಪ್ಪಿದರೂ ಕಸ ಉಳಿದು ಚೀಲ ಊದಿಕೊಳ್ಳುತ್ತದೆಂದೂ ವಿವರಿಸುವಾಗ ಅವರ ದನಿ ತಗ್ಗುತ್ತಿತ್ತು.

ಅವರು ಮದುವೆಯಾದದ್ದು ಅಕ್ಕ ಭಾಗೀರಥಮ್ಮನ ಮಗಳು ವೆಂಕಟಲಕ್ಷ್ಮಿಯನ್ನು. ಸೋದರಮಾವನಿಗೆ ಹೆಣ್ಣು ಕೊಡುವುದು ಆ ಮನೆತನದ ಹೆಮ್ಮೆ. ಚೊಚ್ಚಲ ಮಗು ಕಲಿತ ಮಾತುಗಳನ್ನು ಒಂದೊಂದಾಗಿ ಮರೆತು, ಹೊಟ್ಟೆ ಉಬ್ಬಿ, ನಾಲ್ಕನೆಯ ವರ್ಷಕ್ಕೆ ತೀರಿಕೊಂಡಿತು. ತಾನು ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಕೆಲಮಂಗಲಕ್ಕೆ ಹೊರಟದ್ದೇ ಕಾರಣವೆಂದು ವೆಂಕಟಲಕ್ಷ್ಮಿ ನಂಬಿದರು. ವೈದ್ಯರು ಹೇಳಿದ ನಿಜವಾದ ಕಾರಣ ಮೇಷ್ಟರಿಗೆ ಗೊತ್ತಿತ್ತು. ಹದಿನಾರು ವರ್ಷ ಅವರು ಬಾಯಿ ಬಿಡಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ.

೧೯೮೪ರಲ್ಲಿ, ಮೇಷ್ಟರ ಎರಡನೆಯ ಮಗು, ಆರೋಗ್ಯವಾಗಿ ಬೆಳೆದಿದ್ದ ಜಾನಕಿಯನ್ನು ತಮ್ಮ ಕಿರಿಯ ಮಗ ಲಕ್ಷ್ಮೀಪತಿಗೆ ತಂದುಕೊಳ್ಳಲು ಭಾಗೀರಥಮ್ಮ ತಾಂಬೂಲದ ತಟ್ಟೆ ಹಿಡಿದು ಬಂದರು. ನಾನೂ ಅಲ್ಲಿದ್ದೆ. ತಟ್ಟೆ ಕೈ ಬದಲಾಯಿಸಿದರೆ ಮಾತು ಮುಗಿದಂತೆ. ಮೇಷ್ಟರು ಕೈ ಚಾಚಲಿಲ್ಲ; ಸೀಮೆಸುಣ್ಣ ತೆಗೆದು, ಕೆಂಪು ನೆಲದ ಮೇಲೆ ಕುಕ್ಕರಿಸಿ ಕೋಶ ಬರೆಯತೊಡಗಿದರು. ಕೈ ಅಲ್ಲಿಗೇ ಬಂದು ನಿಂತಿತು.

"ಏನೋ ದ್ವಾರಕಾ, ಶುಭಕಾರ್ಯದಾಗೂ ನಿಂದು ಪಾಠಾನಾ?" ಎಂದರು ಭಾಗೀರಥಮ್ಮ.

"ಅಕ್ಕಾ, ನಮ್ಮ ವಂಶದಾಗೆ ಈ ಚೀಲದ ಕಿಣ್ವ ಹುಟ್ಟದಿರೋ ದೋಷ ಐತೆ. ಅಪ್ಪ ಅಮ್ಮ ಇಬ್ರಲ್ಲಿ ಒಬ್ರಲ್ಲಿದ್ರೆ ಮಗೂಗೆ ಏನೂ ಆಗಲ್ಲ. ನನ್ನಲ್ಲೂ ಇತ್ತು, ನಿನ್ ಮಗಳಲ್ಲೂ ಇತ್ತು, ಮಗು ಹೋಯ್ತು. ಜಾನಕಿ, ಲಕ್ಷ್ಮೀಪತಿ ಇಬ್ರಲ್ಲೂ ಇರ್ಬೋದು, ಇಲ್ದೇನೂ ಇರ್ಬೋದು. ನಾನು ಹೆಣ್ಣು ಕೊಡಲ್ಲ."

"ಅಂದ್ರೆ ನನ್ ಮಗಳ್ನ ನಿಂಗೆ ಕೊಟ್ಟಿದ್ದೇ ತಪ್ಪಾ?"

"ಗೊತ್ತಿರ್ಲಿಲ್ಲ ಅಕ್ಕಾ. ಈಗ ಗೊತ್ತೈತೆ."

ಒಳಬಾಗಿಲಲ್ಲಿ ನಿಂತಿದ್ದ ವೆಂಕಟಲಕ್ಷ್ಮಿ ನೆಲದ ಚಿತ್ರವನ್ನೇ ನೋಡುತ್ತಿದ್ದರು. "ಹಂಗಾದ್ರೆ ಗ್ರಹಣ ಅಲ್ವಾ?" ಎಂದರು ಮೆಲ್ಲಗೆ. ಆಕೆ ತಾಯಿಯ ಕೈಲಿದ್ದ ತಟ್ಟೆ ತೆಗೆದುಕೊಂಡು, ವೀಳ್ಯದೆಲೆ, ಹೂವು, ಅರಿಸಿನಗಳನ್ನು ತಾಯಿಯ ಚೀಲಕ್ಕೇ ತಿರುಗಿ ತುಂಬಿ, ಒಳಹೋಗಿ ಬಾಗಿಲು ಹಾಕಿಕೊಂಡರು.

ತಿಳಿದದ್ದನ್ನು ಊರ ಮಕ್ಕಳಿಗೆಲ್ಲ ಹಂಚಿ, ಮನೆಯವಳಿಗೆ ಮಾತ್ರ ಹೇಳದೆ ಉಳಿಸುವ ಇಂಥ ಒಳ್ಳೆಯವರನ್ನು ನಾನು ಬಹಳ ಕಂಡಿದ್ದೇನೆ. ಅವಳಿಗೆ ನೋವಾದೀತೆಂದು ಸುಮ್ಮನಿರುತ್ತಾರೆ. ಅಷ್ಟೂ ವರ್ಷ ಅವಳು ಮಾಡದ ತಪ್ಪಿಗೆ ಒಬ್ಬಳೇ ಅಳುತ್ತಿರುತ್ತಾಳೆ.